ಬಚ್ಚಲೊಲೆ, ಅಡುಗೆ ಒಲೆ, ಪೆಲೆಟ್ ಸ್ಟೋವ್: ಬೆಂಕಿ ಹಿಡಿಸಲು ಯಾವುದನ್ನು ಆರಿಸಬೇಕು

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡುಗೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಗಿದ್ದರೂ ಅನೇಕ ಮನೆಗಳ ಬಚ್ಚಲೊಲೆ ಇನ್ನೂ ಕಟ್ಟಿಗೆಯದೇ ಆಗಿದೆ. ಕುಮಟಾ, ಅಂಕೋಲಾ, ಕಾರವಾರದ ಹಳ್ಳಿಗಳಲ್ಲಿಯೂ ಹಂಡೆಯ ನೀರು ಕಾಯುವುದು ಮತ್ತು ಕುಚ್ಚಲಕ್ಕಿಯ ಭತ್ತ ಬೇಯುವುದು ಹೆಚ್ಚಾಗಿ ಕಟ್ಟಿಗೆಯ ಉರಿಯಲ್ಲಿಯೇ. ಯಾವ ಕಟ್ಟಿಗೆ ಒಳ್ಳೆಯದು ಎಂಬ ಬಗ್ಗೆ ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಕಟ್ಟಿಗೆಗೆ ಮೊದಲ ಬೆಂಕಿ ತಾಗಿಸುವ ವಸ್ತುವಿನ ಬಗ್ಗೆ ನಾವು ಅಷ್ಟು ಯೋಚಿಸುವುದಿಲ್ಲ. ಕೈಗೆ ಸಿಕ್ಕ ಹಾಲಿನ ಪ್ಯಾಕೆಟ್ಟನ್ನೋ ಸೈಕಲ್ ಟ್ಯೂಬಿನ ತುಂಡನ್ನೋ ಒಲೆಗೆ ತುರುಕಿ ಕಡ್ಡಿ ಗೀರುತ್ತೇವೆ. ಆಷಾಢದ ಮಳೆಯಲ್ಲಿ ಅರ್ಧ ಗಂಟೆ ಊದುಗೊಳವೆ ಹಿಡಿದು ಕುಳಿತಾಗ ತಪ್ಪನ್ನು ಕಟ್ಟಿಗೆಯ ಮೇಲೆ ಹೊರಿಸುವುದು ರೂಢಿಯಾಗಿದ್ದರೂ, ಬಹಳ ಸಲ ದೋಷವಿರುವುದು ಅದರ ಕೆಳಗಿಟ್ಟ ವಸ್ತುವಿನಲ್ಲಿ.

ಆಯ್ಕೆಯ ಮೊದಲ ಅಳತೆ

ಕಟ್ಟಿಗೆಯು ಬೆಂಕಿ ತಾಗಿದ ಕೂಡಲೇ ಉರಿಯುವುದಿಲ್ಲ. ಮೊದಲು ಅದರ ಮೇಲ್ಪದರದ ನೀರು ಆವಿಯಾಗಬೇಕು, ಆಮೇಲೆ ಆ ಪದರವು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು. ಆಗ ಮರದೊಳಗಿನಿಂದ ಹೊರಡುವ ಅನಿಲ ಹೊತ್ತಿಕೊಂಡು ಜ್ವಾಲೆಯಾಗುತ್ತದೆ. ಒಂದು ಕಿಲೋ ನೀರನ್ನು ಆವಿ ಮಾಡಲು 2,200 ಕಿಲೋಜೂಲ್‌ಗಿಂತ ಹೆಚ್ಚು ಶಾಖ ಬೇಕಾಗುವುದರಿಂದ, ಹಸಿ ಕಟ್ಟಿಗೆಯ ಕೆಳಗೆ ಹಾಕಿದ ಬೆಂಕಿಯ ಬಹುಪಾಲು ಶಕ್ತಿ ಬರಿಯ ಹೊಗೆ ಮತ್ತು ಹಬೆಯಲ್ಲೇ ಮುಗಿದುಹೋಗುತ್ತದೆ. ಆದ್ದರಿಂದ ಬೆಂಕಿ ಹಿಡಿಸುವ ವಸ್ತುವನ್ನು ಆರಿಸುವಾಗ ಅದು ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದಕ್ಕಿಂತ, ಹೊತ್ತಿಕೊಂಡ ಮೇಲೆ ಎಷ್ಟು ಹೊತ್ತು ಒಂದೇ ಕಡೆ ನಿಂತು ಉರಿಯುತ್ತದೆ ಎಂಬುದನ್ನು ನೋಡಬೇಕು. ಭಗ್ಗನೆ ಎದ್ದು ಅರ್ಧ ನಿಮಿಷದಲ್ಲಿ ಆರುವ ವಸ್ತುವು ನೋಡುವವರಿಗೆ ಸಮಾಧಾನ ಕೊಡುತ್ತದೆಯೇ ಹೊರತು ಕಟ್ಟಿಗೆಯನ್ನು ಕಾಯಿಸುವುದಿಲ್ಲ.

ಎಷ್ಟು ಹೊತ್ತು ಉರಿಯಬೇಕು ಎಂಬುದು ಅದರ ಮೇಲೆ ಏನನ್ನು ಇಡುತ್ತೇವೆ ಎಂಬುದನ್ನು ಅವಲಂಬಿಸಿದೆ. ಕಿರುಬೆರಳಿನ ದಪ್ಪದ ಒಣ ಪುಳ್ಳೆಗಳಿಗೆ ಎರಡು ಮೂರು ನಿಮಿಷದ ಜ್ವಾಲೆ ಸಾಕು. ಪುಳ್ಳೆಯೇ ಇಲ್ಲದೆ ನೇರವಾಗಿ ಮುಂಗೈ ದಪ್ಪದ ಸೀಳು ಕಟ್ಟಿಗೆಗೆ ಬೆಂಕಿ ಹಿಡಿಸಬೇಕಾದರೆ ಏಳೆಂಟು ನಿಮಿಷವಾದರೂ ಉರಿಯುವ ವಸ್ತು ಬೇಕು. ಇಡೀ ಕುಂಟೆಗೆ, ಅಂದರೆ ಸೀಳದ ದಪ್ಪ ಮರದ ತುಂಡಿಗೆ, ಯಾವ ವಸ್ತುವಿನಿಂದಲೂ ನೇರವಾಗಿ ಬೆಂಕಿ ಹಿಡಿಸುವ ಪ್ರಯತ್ನ ಮಾಡಬಾರದು. ಅದು ಕೆಂಡ ಕೂಡಿದ ಮೇಲೆ ಒಲೆಗೆ ಸೇರಬೇಕಾದದ್ದು.

ಮನೆಯ ಸುತ್ತ ಸಿಗುವವು

ಅಡಿಕೆ ತೋಟವಿರುವ ಮನೆಗೆ ಅಂಗಡಿಯ ಫೈರ್ ಸ್ಟಾರ್ಟರ್ (ಬೆಂಕಿ ಹಿಡಿಸುವ ತುಂಡು) ಬೇಕಾಗುವುದೇ ಅಪರೂಪ. ಆದರೆ ಅಡಿಕೆ ಮರದಿಂದ ಬರುವ ಎಲ್ಲವೂ ಒಂದೇ ಬಗೆಯಾಗಿ ಉರಿಯುವುದಿಲ್ಲ. ಅಡಿಕೆ ಹಾಳೆಯು ಒಣಗಿದ್ದರೆ ಕಡ್ಡಿ ಗೀರಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಅದನ್ನು ಅಗಲವಾಗಿ ಹಾಗೆಯೇ ಒಳಗಿಟ್ಟರೆ ಗಾಳಿಯ ದಾರಿ ಮುಚ್ಚಿಹೋಗುವುದರಿಂದ, ನಾರಿನ ಉದ್ದಕ್ಕೆ ಎರಡು ಬೆರಳು ಅಗಲದ ಪಟ್ಟಿಗಳಾಗಿ ಸೀಳಿ, ಸುರುಳಿ ಸುತ್ತಿ ಇಡಬೇಕು. ಸುರುಳಿಯು ಬಿಡಿ ಪಟ್ಟಿಗಿಂತ ಬಹಳ ನಿಧಾನವಾಗಿ ಉರಿಯುತ್ತದೆ. ಹಾಳೆಯ ಬುಡದ ದಪ್ಪ ಭಾಗವನ್ನು ಬೇರೆ ಮಾಡಿ ಪುಳ್ಳೆಯ ಜಾಗದಲ್ಲಿ ಬಳಸುವುದು ಲೇಸು. ಸೋಗೆಯು (ಅಡಿಕೆಯ ಗರಿ) ತೀರಾ ಬೇಗ ಉರಿದು ಹಗುರ ಬೂದಿ ಹಾರಿಸುತ್ತದೆ. ಅದು ತೋಟದ ಮುಚ್ಚಿಗೆಗೆ ಯೋಗ್ಯವೇ ಹೊರತು ಒಲೆಗೆ ಎರಡನೆಯ ದರ್ಜೆಯದು.

ಸಿಪ್ಪೆಯ ವಿಚಾರದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಕೆಂಪಡಿಕೆಗಾಗಿ ಹಸಿಯಾಗಿಯೇ ಸುಲಿದ ಕಾಯಿಯ ಸಿಪ್ಪೆಯಲ್ಲಿ ನೀರು ತುಂಬಿರುತ್ತದೆ. ಅದನ್ನು ರಾಶಿ ಹಾಕಿ ಬಿಟ್ಟರೆ ಒಳಗೆ ಕೊಳೆಯುತ್ತದೆಯೇ ಹೊರತು ಒಣಗುವುದಿಲ್ಲ. ಚಾಲಿಯದು, ಅಂದರೆ ಬಿಸಿಲಿನಲ್ಲಿ ಒಣಗಿಸಿ ಸುಲಿದ ಹಣ್ಣಡಿಕೆಯದು, ಹಾಗಲ್ಲ. ಹಣ್ಣಡಿಕೆಯು ಅಂಗಳದಲ್ಲಿ ಒಂದೂವರೆ ತಿಂಗಳಷ್ಟು ಬಿಸಿಲು ಕಂಡ ಮೇಲೆ ಸುಲಿಯುವುದರಿಂದ ಸಿಪ್ಪೆ ಗರಿಗರಿಯಾಗಿರುತ್ತದೆ, ಮತ್ತು ಸುಲಿತದ ಕೆಲಸ ಬೇಸಿಗೆಯಲ್ಲಿ ನಡೆಯುವುದರಿಂದ ಮಳೆಗಾಲಕ್ಕೆ ಕೂಡಿಡಲು ಸಮಯವೂ ಅನುಕೂಲವಾಗಿರುತ್ತದೆ. ಮೇ ತಿಂಗಳಿನ ಒಂದು ಬಿಸಿಲ ಮಧ್ಯಾಹ್ನ ಚಾಲಿ ಸಿಪ್ಪೆಯನ್ನು ಗೋಣಿಚೀಲಕ್ಕಲ್ಲ, ಮುಚ್ಚಳವಿರುವ ಡ್ರಮ್ಮಿಗೆ ತುಂಬಿಟ್ಟರೆ ಮುಂದಿನ ನಾಲ್ಕು ತಿಂಗಳ ತೊಂದರೆ ಅರ್ಧದಷ್ಟು ಕಡಿಮೆಯಾಗುತ್ತದೆ. ಹಳೆಯ ಸಿಪ್ಪೆ ರಾಶಿಗೆ ಬರಿಗೈ ಹಾಕಬಾರದು ಎಂಬುದನ್ನು ಮಲೆನಾಡಿನವರಿಗೆ ನೆನಪಿಸಬೇಕಾಗಿಲ್ಲವಾದರೂ, ರಜೆಗೆ ಬಂದ ಮಕ್ಕಳಿಗೆ ಒಲೆ ಹೊತ್ತಿಸುವ ಕೆಲಸ ಹೇಳುವಾಗ ಚೇಳು, ಹಾವುಗಳ ಮಾತನ್ನು ಮೊದಲು ಹೇಳುವುದು ಒಳ್ಳೆಯದು.

ಕರಾವಳಿಯಲ್ಲಿ ಈ ಸ್ಥಾನ ತೆಂಗಿನದು. ಒಣಗಿದ ಗರಿಗಳನ್ನು ಹಿಡಿಯಾಗಿ ಸೇರಿಸಿ ಬಿಗಿಯಾಗಿ ಕಟ್ಟಿದ ಸೂಡಿಯು ದಾರಿ ತೋರಿಸಲು ಎಷ್ಟು ಉಪಯುಕ್ತವೋ ಒಲೆಗೂ ಅಷ್ಟೇ ಉಪಯುಕ್ತ. ಸಡಿಲ ಗರಿ ಕ್ಷಣದಲ್ಲಿ ಮುಗಿಯುತ್ತದೆ, ಬಿಗಿಯಾದ ಕಟ್ಟು ನಿಂತು ಉರಿಯುತ್ತದೆ. ಒಣಗಿದ ಹೊಂಬಾಳೆಯ ಕವಚ ಮತ್ತು ಹಿಂಗಾರದ ಕಡ್ಡಿಗಳು ಗರಿ ಮತ್ತು ಕಟ್ಟಿಗೆಯ ನಡುವಿನ ಮೆಟ್ಟಿಲಾಗಿ ಚೆನ್ನಾಗಿ ಒದಗುತ್ತವೆ. ಕರಟವು ಶುರುವಿನಲ್ಲಿ ಹೊತ್ತಿಕೊಳ್ಳಲು ಸತಾಯಿಸುತ್ತದೆ, ಆದರೆ ಒಡೆದು ಚೂರು ಮಾಡಿ ಗರಿಯ ಮೇಲಿಟ್ಟರೆ ಬಹಳ ಬಿಸಿಯಾದ, ದೀರ್ಘವಾದ ಉರಿ ಕೊಡುತ್ತದೆ. ನನ್ನ ಮಟ್ಟಿಗೆ ಪುಳ್ಳೆ ಸಿಗದ ದಿನಗಳಲ್ಲಿ ಇದಕ್ಕಿಂತ ನಂಬಿಕೆಯ ವಸ್ತು ಇನ್ನೊಂದಿಲ್ಲ. ಗಾಳಿಮರ ಬೆಳೆದ ಹಿತ್ತಿಲಿರುವ ಕಾರವಾರದ ಮನೆಗಳವರು ಅದರ ಉದುರಿದ ಕಡ್ಡಿ ಎಲೆಗಳನ್ನೂ ಪುಟ್ಟ ಕಾಯಿಗಳನ್ನೂ ಬಳಸಬಹುದು. ಎಲೆ ಬೇಗ ಹೊತ್ತುತ್ತದೆ, ಕಾಯಿ ತಡೆದು ಉರಿಯುತ್ತದೆ. ಎರಡನ್ನೂ ಸೇರಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಗೇರು ಬೀಜದ ಸಿಪ್ಪೆಯನ್ನು ಕೆಲವರು ಹೊಗಳುತ್ತಾರೆ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚಾಗಿರುವುದರಿಂದ ಅದು ಒದ್ದೆಯಾಗಿದ್ದರೂ ಉರಿಯುತ್ತದೆ ಎಂಬುದು ನಿಜ. ಆದರೆ ಚರ್ಮವನ್ನು ಸುಟ್ಟು ಗುಳ್ಳೆ ಎಬ್ಬಿಸುವುದೂ ಅದೇ ಎಣ್ಣೆ, ಮತ್ತು ಅದರ ಹೊಗೆ ಕಣ್ಣಿಗೂ ಗಂಟಲಿಗೂ ತೀಕ್ಷ್ಣವಾಗಿರುತ್ತದೆ. ಚಿಮಣಿಯಿಲ್ಲದ ಅಡುಗೆ ಒಲೆಗೆ ಅದು ಸರ್ವಥಾ ಬೇಡ. ಹೊಗೆ ಪೂರ್ತಿಯಾಗಿ ಹೊರಗೆ ಹೋಗುವ ಬಚ್ಚಲೊಲೆಗೆ ಒಂದು ಹಿಡಿ ಹಾಕುವುದಾದರೂ ಕೈಯಿಂದ ಮುಟ್ಟದೆ ಗೆರಟೆಯಿಂದಲೋ ಸಟ್ಟುಗದಿಂದಲೋ ಹಾಕಬೇಕು. ಕಾಡಿನ ಸಾಲುಧೂಪ, ಕರಿಧೂಪ ಮರಗಳ ರಾಳವು ಬೆಂಕಿ ಹಿಡಿಸುವುದರಲ್ಲಿ ಅಸಮಾನವಾದದ್ದೇ. ಆದರೆ ರಾಳಕ್ಕಾಗಿ ಗಾಯ ಮಾಡಿಸಿಕೊಂಡೇ ಈ ಮರಗಳು ಘಟ್ಟದಲ್ಲಿ ವಿರಳವಾಗುತ್ತ ಬಂದಿವೆ. ನೀರು ಕಾಯಿಸುವ ಕೆಲಸಕ್ಕೆ ಅದನ್ನು ವ್ಯಯ ಮಾಡುವುದು ನ್ಯಾಯವಲ್ಲ.

ನಿನ್ನೆಯ ಕೆಂಡ

ಖರ್ಚಿಲ್ಲದ ವಿಧಾನ ಹಳೆಯದೇ. ರಾತ್ರಿ ಒಲೆಯಲ್ಲಿ ಉಳಿದ ದಪ್ಪ ಕೆಂಡಗಳನ್ನು ಒಂದು ಮೂಲೆಗೆ ಒಟ್ಟು ಮಾಡಿ, ಮೇಲೆ ನಾಲ್ಕು ಬೆರಳಿನಷ್ಟು ಬೂದಿ ಮುಚ್ಚಿ, ಒಲೆಗೆ ಬೂದಿ ತೆಗೆಯುವ ಬಾಗಿಲಿದ್ದರೆ ಅದನ್ನು ಮುಚ್ಚಿಟ್ಟರೆ, ಗಾಳಿ ಕಡಿಮೆಯಾಗಿ ಕೆಂಡ ಬೆಳಗಿನವರೆಗೂ ಉಳಿಯುತ್ತದೆ. ಜಂಬೆ, ಮತ್ತಿ, ಗಾಳಿಮರ, ಅಕೇಶಿಯಾದಂತಹ ಗಟ್ಟಿ ಮರದ ಕೆಂಡ ಹೀಗೆ ನಿಲ್ಲುತ್ತದೆ. ಮೃದು ಮರದ್ದು ನಿಲ್ಲುವುದಿಲ್ಲ.

ಬೆಳಿಗ್ಗೆ ಈ ಕೆಂಡದ ಮೇಲೆ ಏನಿಡಬೇಕು ಎಂಬುದರಲ್ಲಿ ಅನೇಕರು ಎಡವುತ್ತಾರೆ. ಕಡ್ಡಿ ಗೀರಿ ಹೊತ್ತಿಸುವಾಗ ಬೇಕಾದದ್ದು ಜ್ವಾಲೆಗೆ ಬೇಗ ಒಲಿಯುವ ತೆಳು ವಸ್ತು: ಹಾಳೆ, ಗರಿ, ಕಾಗದ. ಕೆಂಡದಿಂದ ಎಬ್ಬಿಸುವಾಗ ಬೇಕಾದದ್ದು ಜ್ವಾಲೆಯಿಲ್ಲದೆ ಕನಲುತ್ತ ಶಾಖವನ್ನು ಹಿಡಿದಿಡುವ ನಾರು: ಬಿಡಿಸಿದ ತೆಂಗಿನ ನಾರು ಅಥವಾ ಉಜ್ಜಿ ಹುರಿ ಮಾಡಿದ ಅಡಿಕೆ ಸಿಪ್ಪೆ. ಕೆಂಡದ ಮೇಲೆ ಕಾಗದವಿಟ್ಟು ಊದಿದರೆ ಕಾಗದ ಕಪ್ಪಾಗಿ ಸುರುಟುತ್ತದೆ. ನಾರನ್ನು ಇಟ್ಟು ಊದುಗೊಳವೆಯಿಂದ ನಿಧಾನವಾಗಿ, ಉದ್ದವಾಗಿ ಊದಿದರೆ ನಾರು ಕೆಂಪಾಗುತ್ತ ಬಂದು ಒಮ್ಮೆಲೇ ಜ್ವಾಲೆಗೆ ತಿರುಗುತ್ತದೆ. ಪುಳ್ಳೆ ಸೇರಿಸಬೇಕಾದದ್ದು ಆ ಕ್ಷಣದಲ್ಲಿ.

ಬೂದಿಯಲ್ಲಿ ಹುದುಗಿಸಿದ ಕೆಂಡವು ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಜನ ಮಲಗುವ ಕೋಣೆಗೆ ತೆರೆದುಕೊಂಡಿರುವ, ಕಿಟಕಿಯಿಲ್ಲದ ಜಾಗದ ಒಲೆಯಲ್ಲಿ ಕೆಂಡ ಉಳಿಸಬಾರದು. ಒಲೆಯಿರುವ ಬಚ್ಚಲಿನಲ್ಲಿ ಸ್ನಾನ ಮಾಡುವಾಗಲೂ ಮೇಲ್ಗಡೆಯ ಗವಾಕ್ಷಿಯನ್ನು ಚಳಿಗೆಂದು ಮುಚ್ಚಬಾರದು.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಜಿಲ್ಲೆಯ ಗಾಳಿಯೇ ಒದ್ದೆ. ಗಾಳಿಯ ತೇವಾಂಶ ನೂರಕ್ಕೆ ತೊಂಬತ್ತರ ಆಸುಪಾಸಿನಲ್ಲಿ ನಿಂತಾಗ, ಬೇಸಿಗೆಯಲ್ಲಿ ಚೆನ್ನಾಗಿ ಒಣಗಿಸಿ ಸೂರಿನ ಕೆಳಗಿಟ್ಟ ಕಟ್ಟಿಗೆ ಕೂಡ ಮಳೆಹನಿ ತಾಗದೆಯೇ ಗಾಳಿಯಿಂದ ನೀರು ಹೀರಿಕೊಂಡು ಶೇಕಡಾ 20ರಷ್ಟು ತೇವಕ್ಕೆ ತಲುಪುತ್ತದೆ. ಕಟ್ಟಿಗೆ ಚೆನ್ನಾಗಿ ಉರಿಯಲು ಸಾಮಾನ್ಯವಾಗಿ ಹೇಳುವ ಗರಿಷ್ಠ ಮಿತಿಯೂ ಅದೇ. ದಪ್ಪ ಕಟ್ಟಿಗೆ ಹೀರುವುದು ನಿಧಾನ. ತೆಳ್ಳಗಿನ ಹಾಳೆ, ನಾರು, ಕಾಗದಗಳು ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತವೆ. ಬೆಂಕಿ ಹಿಡಿಸುವ ಗುಣವನ್ನು ಕೊಡುವ ತೆಳುತನವೇ ಮಳೆಗಾಲದಲ್ಲಿ ಅವುಗಳ ದೌರ್ಬಲ್ಯವಾಗುತ್ತದೆ.

ಹೀಗಾಗಿ ಈ ನಾಲ್ಕು ತಿಂಗಳು ಯಾವ ವಸ್ತು ಎಂಬುದಕ್ಕಿಂತ ಎಲ್ಲಿಟ್ಟ ವಸ್ತು ಎಂಬುದು ಮುಖ್ಯವಾಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಕಟ್ಟಿಗೆ ಪೇರಿಸುವ ಹಿರಿಯರ ಕ್ರಮದ ತರ್ಕ ಇದೇ. ಅಟ್ಟವಿಲ್ಲದ ಹೊಸ ಮನೆಗಳಲ್ಲಿ, ಇವತ್ತಿನ ಉರಿ ಆರಿ ಒಲೆಕಟ್ಟೆ ಇನ್ನೂ ಬಿಸಿಯಿರುವಾಗ ನಾಳೆಗೆ ಬೇಕಾದ ಒಂದು ಹಿಡಿ ಹಾಳೆ ಮತ್ತು ಪುಳ್ಳೆಯನ್ನು ಅದರ ಮೇಲೆ, ಒಲೆಯ ಬಾಯಿಯಿಂದ ಕಿಡಿ ತಾಗದಷ್ಟು ದೂರದಲ್ಲಿ ಇಟ್ಟು, ಬಿಸಿ ಆರುವ ಮೊದಲು ಬಿಗಿ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿಡಬೇಕು. ಬೆಂಕಿಪೊಟ್ಟಣವೂ ಅದೇ ಡಬ್ಬಿಯಲ್ಲಿರಲಿ.

ಬೇಡವಾದವು

ಪ್ಲಾಸ್ಟಿಕ್ ಕೊಟ್ಟೆ, ಹಾಲಿನ ಪ್ಯಾಕೆಟ್, ಟ್ಯೂಬಿನ ರಬ್ಬರು ಇವು ಬೆಂಕಿ ಹಿಡಿಸುವುದಿಲ್ಲವೆಂದು ಯಾರೂ ಹೇಳಲಾರರು. ಒದ್ದೆ ಕಟ್ಟಿಗೆಗೂ ಹಿಡಿಸುತ್ತವೆ, ಅದೇ ಅವುಗಳ ಆಕರ್ಷಣೆ. ಆದರೆ ಕರಗಿದ ಪ್ಲಾಸ್ಟಿಕ್ಕು ಒಲೆಯ ಜಾಲರಿಗೆ ಅಂಟಿ ಗಾಳಿಯ ಕಂಡಿಗಳನ್ನು ಮುಚ್ಚುತ್ತದೆ, ರಬ್ಬರಿನ ಮಸಿ ಹಂಡೆಯ ತಳಕ್ಕೂ ಚಿಮಣಿಯ ಒಳಮೈಗೂ ದಪ್ಪಗೆ ಮೆತ್ತಿಕೊಳ್ಳುತ್ತದೆ. ಪಿವಿಸಿ ಪೈಪು, ವಾಯರಿನ ಹೊದಿಕೆಯಂತಹವು ಉರಿದರೆ ಹೈಡ್ರೋಜನ್ ಕ್ಲೋರೈಡ್ ಮತ್ತು ಡಯಾಕ್ಸಿನ್ ಎಂಬ ವಿಷಗಳು ಹೊರಬರುತ್ತವೆ. ಒಲೆಯ ಬೂದಿಯನ್ನು ತೋಟಕ್ಕೂ ತರಕಾರಿ ಮಡಿಗೂ ಹಾಕುವ ನಮ್ಮಲ್ಲಿ ಈ ಕೊಳೆ ಒಲೆಯಲ್ಲಿಯೇ ಉಳಿಯುವುದಿಲ್ಲ.

ಕರಾವಳಿಯಲ್ಲಿ ಇನ್ನೆರಡು ವಸ್ತುಗಳ ಬಗ್ಗೆ ಎಚ್ಚರ ಬೇಕು. ಕಡಲು ತಂದು ಹಾಕಿದ ಮರದ ತುಂಡು ಎಷ್ಟೇ ಒಣಗಿದ್ದರೂ ಅದರೊಳಗೆ ಉಪ್ಪಿರುತ್ತದೆ. ಅದರ ಹೊಗೆಯು ತಗಡಿನ ಚಿಮಣಿಯನ್ನೂ ಕಬ್ಬಿಣದ ಜಾಲರಿಯನ್ನೂ ಬೇಗ ತುಕ್ಕು ಹಿಡಿಸುತ್ತದೆ. ಹಳೆಯ ದೋಣಿಯ ಹಲಗೆಗಳಿಗೆ ವರ್ಷ ವರ್ಷ ಬಳಿದ ಬಣ್ಣ ಮತ್ತು ಎಣ್ಣೆಯೇ ಅವು ಚೆನ್ನಾಗಿ ಉರಿಯಲು ಕಾರಣ, ಅಡುಗೆಯ ಒಲೆಗೆ ಅವು ಸಲ್ಲದಿರಲೂ ಕಾರಣ.

ಸೀಮೆಎಣ್ಣೆ ಪಡಿತರದಲ್ಲಿ ಮೊದಲಿನಂತೆ ಸಿಗದಿರುವುದರಿಂದ ಅದರ ಬಳಕೆ ತಾನಾಗಿ ಕಡಿಮೆಯಾಗಿದೆ. ಇರುವವರು ಅದನ್ನು ಆರಿದ ಒಲೆಯಲ್ಲಿ, ಬಟ್ಟೆಯ ಚೂರಿಗೋ ಇದ್ದಿಲಿಗೋ ಒಂದು ಚಮಚದಷ್ಟು ಹೀರಿಸಿ, ಡಬ್ಬಿಯನ್ನು ದೂರವಿಟ್ಟ ಮೇಲೆ ಹೊತ್ತಿಸಬಹುದು. ಅಪಾಯವಿರುವುದು ಉರಿ ಏಳಲಿಲ್ಲವೆಂದು ಬಿಸಿ ಕೆಂಡದ ಮೇಲೆ ಮತ್ತೆ ಸುರಿಯುವುದರಲ್ಲಿ: ಎಣ್ಣೆ ತಕ್ಷಣ ಬಿಳಿ ಆವಿಯಾಗಿ ಒಲೆಯನ್ನು ತುಂಬಿಕೊಂಡು, ಬಗ್ಗಿ ನೋಡುವ ಹೊತ್ತಿಗೆ ಒಮ್ಮೆಲೇ ಹೊರಗೆ ಉರಿಯುತ್ತದೆ. ಸೀಮೆಎಣ್ಣೆ ಇಲ್ಲವೆಂದು ಪೆಟ್ರೋಲನ್ನೋ ಬಣ್ಣದ ಥಿನ್ನರನ್ನೋ ಬಳಸುವುದು ಇದಕ್ಕಿಂತ ಎಷ್ಟೋ ಪಟ್ಟು ಅಪಾಯಕಾರಿ; ಪೆಟ್ರೋಲು ಯಾವ ಚಳಿಯಲ್ಲಿಯೂ ಹೊತ್ತಬಲ್ಲ ಆವಿಯನ್ನು ಬಿಡುತ್ತಲೇ ಇರುತ್ತದೆ. ಕರಿದ ಎಣ್ಣೆಯದು ಬೇರೆ ಸಮಸ್ಯೆ. ಅದನ್ನು ಕಟ್ಟಿಗೆಯ ಮೇಲೆ ಸುರಿದರೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಏಕೆಂದರೆ ಅಡುಗೆ ಎಣ್ಣೆಗೆ ಬತ್ತಿ ಬೇಕು. ಹಳೆಯ ಹತ್ತಿಬಟ್ಟೆಯ ಬತ್ತಿಗೆ ಆ ಎಣ್ಣೆಯನ್ನೋ, ಕೊಬ್ಬರಿ ಎಣ್ಣೆಯ ತಳದ ಮಡ್ಡಿಯನ್ನೋ ಹೀರಿಸಿದರೆ ಹತ್ತು ನಿಮಿಷ ಸ್ಥಿರವಾಗಿ ಉರಿಯುತ್ತದೆ. ಕರ್ಪೂರವು ಒದ್ದೆ ದಿನದಲ್ಲೂ ತಪ್ಪದೆ ಹೊತ್ತುತ್ತದೆ, ಆದರೆ ಬೇಗ ಮುಗಿಯುತ್ತದೆ, ಮಸಿ ಬಿಡುತ್ತದೆ, ಬೆಲೆಯೂ ಹೆಚ್ಚು. ತುರ್ತಿಗೆ ಒಂದು ಬಿಲ್ಲೆ ಸಾಕು.

ಅಂಗಡಿಯದು, ಮನೆಯಲ್ಲೇ ಮಾಡಿದ್ದು

ತೋಟವಿಲ್ಲದ ಪೇಟೆ ಮನೆಗಳವರು ಮತ್ತು ಹೋಂಸ್ಟೇ ನಡೆಸುವವರು ಕೊಳ್ಳುವ ಫೈರ್ ಸ್ಟಾರ್ಟರ್‌ಗಳಲ್ಲಿ ಮರದ ಹೊಟ್ಟನ್ನೋ ಮರದ ಎಳೆಗಳನ್ನೋ ಮೇಣದಲ್ಲಿ ಅದ್ದಿ ಮಾಡಿದವು ನಮ್ಮ ಹವೆಗೆ ಹೆಚ್ಚು ಒಪ್ಪುತ್ತವೆ. ಮೇಣವು ತೇವವನ್ನು ಒಳಗೆ ಬಿಡುವುದಿಲ್ಲ, ವಾಸನೆಯೂ ಕಡಿಮೆ. ಸೀಮೆಎಣ್ಣೆಯಂಥ ತೈಲ ಹೀರಿಸಿದ ಬಿಳಿ ತುಂಡುಗಳು ಬೇಗ ಹೊತ್ತುತ್ತವೆ, ಆದರೆ ವಾಸನೆ ಅಡುಗೆಗೆ ತಾಗುತ್ತದೆ ಮತ್ತು ಪ್ಯಾಕೆಟ್ ತೆರೆದಿಟ್ಟರೆ ತೈಲ ಆವಿಯಾಗಿ ನಿರುಪಯೋಗಿಯಾಗುತ್ತವೆ. ಪ್ರವಾಸಿಗರ ಪುಟ್ಟ ಸ್ಟೋವಿಗೆಂದು ಮಾರುವ ಹೆಕ್ಸಮಿನ್ ಬಿಲ್ಲೆಗಳ ಹೊಗೆ ವಿಷಕಾರಿಯಾದ್ದರಿಂದ ಮನೆಯೊಳಗೆ ತರಬಾರದು. ಪ್ಯಾಕೆಟ್ಟಿನ ಬೆಲೆಯನ್ನು ತುಂಡುಗಳ ಸಂಖ್ಯೆಯಿಂದ ಭಾಗಿಸಿ, ಒಂದು ಸಲ ಒಲೆ ಹೊತ್ತಿಸಲು ಎಷ್ಟು ಖರ್ಚು ಎಂದು ನೋಡಿಯೇ ಕೊಳ್ಳಬೇಕು. ಹೊಸ ಬಗೆಯದನ್ನು ಮೊದಲು ಹೊರಗೆ ಗಾಳಿಯಿಲ್ಲದೆಡೆ ಒಂದು ತುಂಡು ಹೊತ್ತಿಸಿ, ಮೇಲೆ ಹಳೆಯ ಸ್ಟೀಲ್ ತಟ್ಟೆಯೊಂದನ್ನು ಇಕ್ಕಳದಲ್ಲಿ ಹಿಡಿದು ನೋಡಿದರೆ ಅದು ಎಷ್ಟು ಮಸಿ ಬಿಡುತ್ತದೆ, ಎಷ್ಟು ನಿಮಿಷ ಉರಿಯುತ್ತದೆ ಎಂಬುದು ಪೊಟ್ಟಣದ ಮೇಲಿನ ಬರಹಕ್ಕಿಂತ ಸ್ಪಷ್ಟವಾಗುತ್ತದೆ.

ಇದನ್ನು ಮನೆಯಲ್ಲೇ ಮಾಡುವುದು ಕಷ್ಟವಲ್ಲ. ಕಾಗದದ ತಿರುಳಿನ ಮೊಟ್ಟೆ ಟ್ರೇಯ ಗುಳಿಗಳಿಗೆ ಸಾಮಿಲ್ಲಿನ ಒಣ ಹೊಟ್ಟನ್ನೋ ಬಿಡಿಸಿದ ಚಾಲಿ ಸಿಪ್ಪೆಯನ್ನೋ ಸಡಿಲವಾಗಿ ತುಂಬಿ, ಕರಗಿಸಿದ ಮೇಣವನ್ನು ಹೊಟ್ಟು ಒದ್ದೆಯಾಗುವಷ್ಟು ಮಾತ್ರ ಸುರಿದು, ಗಟ್ಟಿಯಾದ ಮೇಲೆ ಒಂದೊಂದೇ ಗುಳಿಯನ್ನು ಕತ್ತರಿಸಿಕೊಳ್ಳಬೇಕು. ಹೊಟ್ಟು ಪ್ಲೈವುಡ್ಡಿನದಾಗಿರಬಾರದು, ಅದರಲ್ಲಿ ಅಂಟಿನ ಅಂಶವಿರುತ್ತದೆ. ಮೇಣವನ್ನು ನೇರ ಉರಿಯ ಮೇಲೆ ಕರಗಿಸದೆ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು. ಸಾಮಾನ್ಯ ಮೇಣದಬತ್ತಿಯ ಮೇಣ ಸುಮಾರು 60 ಡಿಗ್ರಿಗೇ ಕರಗುವುದರಿಂದ ಅಷ್ಟು ಶಾಖ ಸಾಕು. ಅಕಸ್ಮಾತ್ತಾಗಿ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಮುಚ್ಚಳ ಮುಚ್ಚಬೇಕು.

ಒಲೆಯೊಳಗೆ ಇಡುವ ಬಗೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಾಮೀಣ ತಂತ್ರಜ್ಞಾನದ ಅಸ್ತ್ರ ಘಟಕ ರೂಪಿಸಿದ ಅಸ್ತ್ರ ಒಲೆಯಂತಹ, ಜಾಲರಿ ಮತ್ತು ಚಿಮಣಿ ಇರುವ ಒಲೆಗಳಲ್ಲಿ ಗಾಳಿ ಕೆಳಗಿನಿಂದ ಬರುತ್ತದೆ. ಹೀಗಾಗಿ ಹಿಂದಿನ ದಿನದ ಬೂದಿಯನ್ನು ಜಾಲರಿಯಿಂದ ಕೆಡವಿ, ಹೊತ್ತಿಸುವ ವಸ್ತುವನ್ನು ನಡುವಿನಲ್ಲಿ ಇಟ್ಟು, ಮೇಲೆ ಪುಳ್ಳೆಗಳನ್ನು ಅಡ್ಡಡ್ಡವಾಗಿ ಎರಡು ಪದರ ಜೋಡಿಸಬೇಕು. ಜಾಲರಿಯಿಲ್ಲದ ಹಳೆಯ ಬಚ್ಚಲೊಲೆಯಲ್ಲಿ ಎರಡು ಕಟ್ಟಿಗೆಗಳನ್ನು ಗೇಣಿನಷ್ಟು ಅಂತರ ಬಿಟ್ಟು ಉದ್ದಕ್ಕೆ ಮಲಗಿಸಿ, ನಡುವೆ ವಸ್ತುವನ್ನಿಟ್ಟು, ಅವುಗಳ ಮೇಲೆ ಪುಳ್ಳೆ ಹಾಸಬೇಕು. ಎರಡರಲ್ಲಿಯೂ ಬೇಗ ಆಗಲೆಂದು ಒತ್ತಿ ತುಂಬಿದಷ್ಟೂ ಗಾಳಿಯಿಲ್ಲದೆ ಹೊಗೆ ಹೆಚ್ಚುತ್ತದೆ. ಮಳೆಗಾಲದಲ್ಲಿ ತಣ್ಣಗಿರುವ ಚಿಮಣಿಯಿಂದ ಹೊಗೆ ಕೆಳಗೇ ಮರಳಿ ಬರುವುದುಂಟು. ಆಗ ಅಡಿಕೆ ಹಾಳೆಯ ಒಂದು ಪಟ್ಟಿಯನ್ನು ಹೊತ್ತಿಸಿ ಚಿಮಣಿಯ ಬುಡದ ಹತ್ತಿರ ಒಂದು ನಿಮಿಷ ಉರಿಸಿದರೆ ಒಳಗಿನ ಗಾಳಿ ಬಿಸಿಯಾಗಿ ಮೇಲಕ್ಕೆ ಎಳೆತ ಶುರುವಾಗುತ್ತದೆ.

ಪೆಲೆಟ್ ಸ್ಟೋವ್

ಮರದ ಹೊಟ್ಟು ಮತ್ತು ಕೃಷಿ ತ್ಯಾಜ್ಯವನ್ನು ಒತ್ತಿ ಮಾಡಿದ ಪೆಲೆಟ್‌ಗಳನ್ನು ಬಳಸುವ ಫ್ಯಾನ್ ಸ್ಟೋವಿನಲ್ಲಿ ಕ್ರಮ ತಲೆಕೆಳಗು. ಪೆಲೆಟ್ಟುಗಳನ್ನು ಮೇಲಿನ ಗಾಳಿರಂಧ್ರಗಳ ಸಾಲಿನ ಕೆಳಗೆ ನಿಲ್ಲುವಷ್ಟು ತುಂಬಿ, ಬೆಂಕಿಯನ್ನು ಮೇಲ್ಪದರಕ್ಕೆ ಹಿಡಿಸಬೇಕು, ಏಕೆಂದರೆ ಅದು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಉರಿಯುವ ಒಲೆ. ಒತ್ತಿದ ಪೆಲೆಟ್ಟಿನ ಮೈ ನುಣುಪಾಗಿ ಗಟ್ಟಿಯಾಗಿರುವುದರಿಂದ ಕಾಗದ, ಹಾಳೆಗಳ ಕ್ಷಣಿಕ ಜ್ವಾಲೆ ಅದಕ್ಕೆ ಸಾಲದು. ಮೇಣದ ಹೊಟ್ಟಿನ ತುಂಡನ್ನು ಪುಡಿ ಮಾಡಿ ಮೇಲೆಲ್ಲ ಹರಡುವುದು, ಅಥವಾ ಹೊತ್ತಿಸುವ ಜೆಲ್ಲನ್ನು ತೆಳುವಾಗಿ ಸವರುವುದು ಸರಿಯಾದ ಆಯ್ಕೆ. ಮೇಲ್ಪದರ ಪೂರ್ತಿ ಹಿಡಿಯುವವರೆಗೆ ಫ್ಯಾನ್ ಹಾಕಬಾರದು, ಹಾಕಿದ ಮೇಲೂ ಮೊದಲು ಕಡಿಮೆ ವೇಗದಲ್ಲಿಯೇ ಇಡಬೇಕು. ಸ್ಪಿರಿಟ್ ಜೆಲ್ಲಿನ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣದಿರಬಹುದು. ಆರಿದೆಯೆಂದು ತಿಳಿದು ಬಾಟಲಿಯಿಂದ ಮತ್ತೆ ಹಾಕುವುದು ಸೀಮೆಎಣ್ಣೆಯಷ್ಟೇ ಅಪಾಯಕರ. ಚಳಿದೇಶಗಳಲ್ಲಿ ಕೋಣೆ ಬಿಸಿ ಮಾಡಲು ಬಳಸುವ, ಪೆಲೆಟ್ಟನ್ನು ತಾನೇ ಎಳೆದುಕೊಂಡು ವಿದ್ಯುತ್ ಕಡ್ಡಿಯಿಂದ ಹೊತ್ತಿಸಿಕೊಳ್ಳುವ ಸ್ಟೋವುಗಳಿಗೆ ಇದಾವುದೂ ಬೇಕಾಗಿಲ್ಲ. ಅಂಥದ್ದರ ಪೆಲೆಟ್ ಪೆಟ್ಟಿಗೆಗೆ ಮೇಣದ ತುಂಡು ಹಾಕಿದರೆ ಎಳೆಯುವ ತಿರುಪು ಕಟ್ಟಿಕೊಳ್ಳುತ್ತದೆ.

ಪೆಲೆಟ್ ಚೀಲವನ್ನು ಒಮ್ಮೆ ತೆರೆದರೆ ಉಳಿದದ್ದನ್ನು ಅಂದೇ ಗಾಳಿಯಾಡದ ಡ್ರಮ್ಮಿಗೆ ಸುರಿಯಬೇಕು. ತೇವ ತಾಗಿದ ಪೆಲೆಟ್ ಉಬ್ಬಿ ಪುಡಿಯಾಗುತ್ತದೆ, ಪುಡಿಯು ಗಾಳಿರಂಧ್ರ ಕಟ್ಟುತ್ತದೆ, ಮತ್ತು ಅಂಥ ಪುಡಿಗೆ ಎಷ್ಟು ದುಬಾರಿಯ ಫೈರ್ ಸ್ಟಾರ್ಟರ್ ತಂದರೂ ಸ್ಟೋವ್ ಹೊಗೆಯಾಡುವುದು ನಿಲ್ಲುವುದಿಲ್ಲ. ಅದನ್ನು ಬಚ್ಚಲೊಲೆಯ ಕೆಂಡದ ಮೇಲೆ ಹಿಡಿ ಹಿಡಿಯಾಗಿ ಹಾಕಿ ಮುಗಿಸಬಹುದು.